ಹೊಲಕ್ಕೆ ಒಯ್ಯುವ ಗ್ಯಾಸ್ ಗ್ರಿಲ್: ಮೊದಲು ಡಬ್ಬಿ ನೋಡಿ, ಆಮೇಲೆ ಒಲೆ

ಮಾನ್ಯ ಸಂಪಾದಕರೇ,

ಎಳ್ಳ ಅಮಾವಾಸ್ಯೆಯ ಚರಗದಿಂದ ಯುಗಾದಿವರೆಗೆ ನಮ್ಮ ಭಾಗದಲ್ಲಿ ಹೊರಗೆ ಹೋಗಿ ಉಣ್ಣುವ ಕಾಲ. ಈಚಿನ ವರ್ಷಗಳಲ್ಲಿ ರೊಟ್ಟಿ ಬುತ್ತಿಯ ಜತೆಗೆ ಒಂದು ಪುಟ್ಟ ಗ್ಯಾಸ್ ಗ್ರಿಲ್ಲೂ ಕಾರಿನ ಡಿಕ್ಕಿ ಏರತೊಡಗಿದೆ. ಇದು ಒಳ್ಳೆಯದೇ. ಒಣಗಿದ ಹೊಲದ ಬದುವಿನಲ್ಲಿ, ಕಣಕಿ ಬಣವೆಯ ಪಕ್ಕದಲ್ಲಿ ಕಟ್ಟಿಗೆ ಒಟ್ಟಿ ಬೆಂಕಿ ಹಾಕುವುದಕ್ಕಿಂತ, ಗುಂಡಿ ತಿರುಗಿಸಿದರೆ ಆರುವ ಉರಿ ಎಷ್ಟೋ ಮೇಲು. ಆದರೆ ಹೆಚ್ಚಿನವರು ಆನ್‌ಲೈನ್‌ನಲ್ಲಿ ಚಿತ್ರ ನೋಡಿ ಗ್ರಿಲ್ ತರಿಸಿಕೊಳ್ಳುತ್ತಾರೆ. ಅದು ಮನೆಗೆ ಬಂದಮೇಲೆ ಇದಕ್ಕೆ ಗ್ಯಾಸ್ ಎಲ್ಲಿ ಸಿಗುತ್ತದೆ ಎಂದು ಅಂಗಡಿ ಅಂಗಡಿ ತಿರುಗುತ್ತಾರೆ. ಸಿಗದಿದ್ದಾಗ ಮನೆಬಳಕೆಯ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸ್ ಇಳಿಸಿಕೊಡುವವರ ಬಾಗಿಲಿಗೆ ಹೋಗಿ ನಿಲ್ಲುತ್ತಾರೆ. ಅಪಾಯ ಹುಟ್ಟುವುದು ಅಲ್ಲಿ. ಆದ್ದರಿಂದ ಕೊಳ್ಳುವವರಿಗೆ ಮೊದಲು ಹೇಳಬೇಕಾದ ಮಾತು ಇಷ್ಟೇ: ಹುಬ್ಬಳ್ಳಿ, ಗದಗ, ಹಾವೇರಿ ಪೇಟೆಯಲ್ಲಿ ಯಾವ ಗ್ಯಾಸ್ ನ್ಯಾಯವಾಗಿ, ವರ್ಷವಿಡೀ ಸಿಗುತ್ತದೆ ಎಂದು ಖಚಿತಮಾಡಿಕೊಂಡು, ಅದಕ್ಕೆ ಹೊಂದುವ ಗ್ರಿಲ್ ಆರಿಸಿ.

ನಮ್ಮಲ್ಲಿ ದಾರಿ ಮೂರು. ಮೊದಲನೆಯದು ಉದ್ದನೆಯ ಬ್ಯೂಟೇನ್ ಡಬ್ಬಿ. ನೋಡಲು ಸೊಳ್ಳೆ ಸ್ಪ್ರೇ ಡಬ್ಬಿಯ ಹಾಗೆಯೇ ಇರುತ್ತದೆ, ಒಳಗೆ 220ರಿಂದ 250 ಗ್ರಾಂ ಗ್ಯಾಸ್. ಇದನ್ನು ಕ್ಯಾಸೆಟ್ ಒಲೆಯ ಪಕ್ಕದ ಗೂಡಿನಲ್ಲಿ ಅಡ್ಡ ಮಲಗಿಸಿ, ಹಿಡಿಕೆ ಒತ್ತಿ ಕೂರಿಸುವುದು. ಎರಡನೆಯದು ಗುಂಡಗಿನ, ಗಿಡ್ಡ ಡಬ್ಬಿ. ಇದರ ತಲೆಯ ಮೇಲೆ ತಿರುಗಿಸಿ ಕೂರಿಸುವ ಮರೆ (ಥ್ರೆಡ್) ಇರುತ್ತದೆ, 230 ಅಥವಾ 450 ಗ್ರಾಂ ತೂಕದಲ್ಲಿ ಬರುತ್ತದೆ. ಚಾರಣಿಗರ ಒಲೆಗಳೆಲ್ಲ ಇದರ ಮೇಲೆ. ಮೂರನೆಯದು ತೈಲ ಕಂಪನಿಗಳ 5 ಕೆಜಿ ಸಿಲಿಂಡರ್. ಮನೆ ವಿಳಾಸದ ದಾಖಲೆ ಇಲ್ಲದವರೂ ಗುರುತಿನ ಚೀಟಿ ತೋರಿಸಿ ಏಜೆನ್ಸಿಯಲ್ಲಿ ಪಡೆಯಬಹುದಾದ ಸಿಲಿಂಡರ್ ಇದು.

ನಾಲ್ಕನೆಯದೊಂದು ಇದೆ, ಅದನ್ನು ಬಿಡಿ ಎನ್ನುವುದಕ್ಕೇ ಹೇಳಬೇಕು. ಅಮೆರಿಕದ ಸಣ್ಣ ಗ್ರಿಲ್‌ಗಳು 465 ಗ್ರಾಂ ಪ್ರೊಪೇನ್ ತುಂಬಿದ, ಅಲ್ಲಿ ಒಂದು ಪೌಂಡ್ ಎನ್ನುವ ಸಿಲಿಂಡರಿಗೆ ಮಾಡಿದವು. ಬಂಧುಗಳು ಅಲ್ಲಿಂದ ಪ್ರೀತಿಯಿಂದ ತಂದುಕೊಡುತ್ತಾರೆ, ಆನ್‌ಲೈನ್‌ನಲ್ಲೂ ಮಾರುತ್ತಾರೆ. ಗ್ರಿಲ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಆದರೆ ಅದರ ಮರೆ ನಮ್ಮಲ್ಲಿ ಸಿಗುವ ಯಾವ ಡಬ್ಬಿಗೂ ಕೂಡುವುದಿಲ್ಲ. ಆಗ ‘ಅಡಾಪ್ಟರ್ ಹಾಕಿದರಾಯಿತು’ ಎನ್ನುವವರು ಸಿಗುತ್ತಾರೆ.

ಅಡಾಪ್ಟರಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ತಪ್ಪು ನಡೆಯುವುದು ಇಲ್ಲಿಯೇ. ನಮ್ಮ ಅಡುಗೆಮನೆಯ ರೆಗ್ಯುಲೇಟರ್ ಗ್ಯಾಸನ್ನು ಸುಮಾರು 30 ಮಿಲಿಬಾರ್ ಒತ್ತಡಕ್ಕೆ ಇಳಿಸಿ ಒಲೆಗೆ ಬಿಡುತ್ತದೆ. ಆ ಕಡಿಮೆ ಒತ್ತಡದಲ್ಲಿ ಸಾಕಷ್ಟು ಗ್ಯಾಸ್ ಬರಲೆಂದು ಬರ್ನರಿನ ಜೆಟ್ಟಿನ ತೂತು ದೊಡ್ಡದಿರುತ್ತದೆ. ಬ್ಯೂಟೇನ್ ಡಬ್ಬಿಯೊಳಗೆ 30 ಡಿಗ್ರಿ ಸೆಕೆಯಲ್ಲಿ ಒತ್ತಡ ಸುಮಾರು 1.8 ಬಾರ್, ಅಂದರೆ ಅದರ ಅರವತ್ತು ಪಟ್ಟು. ಡಬ್ಬಿಯಿಂದ ನೇರ ಗ್ಯಾಸ್ ಪಡೆಯುವ ಒಲೆಗಳ ಜೆಟ್ ಕಣ್ಣಿಗೆ ಕಾಣದಷ್ಟು ಸಣ್ಣದಿರುವುದು ಅದಕ್ಕೇ. ಈಗ ರೆಗ್ಯುಲೇಟರ್ ಇಲ್ಲದ ಅಡಾಪ್ಟರಿನಿಂದ ಡಬ್ಬಿಯನ್ನು ದೊಡ್ಡ ತೂತಿನ ಗ್ರಿಲ್ಲಿಗೆ ಜೋಡಿಸಿದರೆ ಉರಿ ಮೊಳದುದ್ದ ಮೇಲೇಳುತ್ತದೆ. ತಿರುವುಮುರುವಾಗಿ, ಡಬ್ಬಿಯ ಒಲೆಗೆ ಮನೆಯ ರೆಗ್ಯುಲೇಟರ್ ಜೋಡಿಸಿದರೆ ದೀಪದಂಥ ಉರಿ ಬರುತ್ತದೆ, ನೀರೂ ಕಾಯುವುದಿಲ್ಲ. ಅಡಾಪ್ಟರ್ ಮರೆಗೆ ಮರೆ ಹೊಂದಿಸುತ್ತದೆಯೇ ಹೊರತು ಒತ್ತಡ ಹೊಂದಿಸುವುದಿಲ್ಲ. ಹುಬ್ಬಳ್ಳಿ-ಧಾರವಾಡದ ಹಲವು ಬಡಾವಣೆಗಳಿಗೆ ಈಗ ಪೈಪ್ ಗ್ಯಾಸ್ ಬಂದಿದೆ. ಅದಕ್ಕೆಂದು ಜೆಟ್ ಬದಲಿಸಿದ ಮನೆಯ ಒಲೆಯನ್ನು ಪಿಕ್‌ನಿಕ್ಕಿಗೆ ಒಯ್ದು ಸಿಲಿಂಡರಿಗೆ ಹಚ್ಚುವುದೂ ಇಂಥದೇ ತಪ್ಪು. ನೈಸರ್ಗಿಕ ಅನಿಲದ ಜೆಟ್ ಎಲ್‌ಪಿಜಿಯದಕ್ಕಿಂತ ದೊಡ್ಡದು, ಉರಿ ಹಳದಿಯಾಗಿ ಮಸಿ ಕಾರುತ್ತದೆ.

ಮೂರರಲ್ಲಿ ಯಾವುದು ಯಾರಿಗೆ? ನಾಲ್ಕೈದು ಜನರ ಕುಟುಂಬ, ಸಣ್ಣ ಕಾರು, ವರ್ಷಕ್ಕೆ ಕೆಲವೇ ಸಲ ಹೊರಗೆ ಹೋಗುವವರು ಎಂದಾದರೆ ಕ್ಯಾಸೆಟ್ ಒಲೆ ಮತ್ತು ಅದಕ್ಕೇ ಮಾಡಿದ ಗ್ರಿಲ್ ತಟ್ಟೆ ಸಾಕು. ಎರಡೂ ಸೇರಿ ಮೂರು ಕೆಜಿ ಆಸುಪಾಸು. ಹತ್ತು-ಹನ್ನೆರಡು ಜನರ ಚರಗದ ಊಟಕ್ಕೆ ಇದು ಸಾಲದು. ಅದಕ್ಕೆ 5 ಕೆಜಿ ಸಿಲಿಂಡರಿಗೆ ಜೋಡಿಸುವ, ಮುಚ್ಚಳವಿರುವ, ಕಾಲು ಮಡಚುವ ಮೇಜಿನ ಗ್ರಿಲ್ ಬೇಕು. ಅದರ ತೂಕ 5ರಿಂದ 8 ಕೆಜಿ; ತುಂಬಿದ ಉಕ್ಕಿನ ಸಿಲಿಂಡರ್ ಬೇರೆ 10 ಕೆಜಿ ದಾಟುತ್ತದೆ. ಚಕ್ಕಡಿ ಅಥವಾ ಕಾರು ಹೊಲದವರೆಗೆ ಹೋಗುವುದಾದರೆ ಚಿಂತೆಯಿಲ್ಲ, ಕಾಲುದಾರಿ ಇದ್ದರೆ ಯೋಚಿಸಿ. ಈಗ ಫೈಬರಿನ ಕಾಂಪೊಸಿಟ್ ಸಿಲಿಂಡರ್‌ಗಳೂ ಬಂದಿವೆ. ತೂಕ ಕಡಿಮೆ, ತುಕ್ಕು ಹಿಡಿಯುವುದಿಲ್ಲ, ಒಳಗೆ ಎಷ್ಟು ಗ್ಯಾಸಿದೆ ಎಂಬುದೂ ಕಾಣುತ್ತದೆ. ಬೈಕಿನಲ್ಲಿ ಇಬ್ಬರು-ಮೂವರು ಹೋಗುವವರಿಗೆ ಮಾತ್ರ ಗುಂಡು ಡಬ್ಬಿಯ ಒಲೆ ಸರಿ. ಅದರಲ್ಲೂ ಡಬ್ಬಿಯ ತಲೆಯ ಮೇಲೆಯೇ ಒಲೆ ಕೂರುವ ಬಗೆ ಗ್ರಿಲ್ಲಿಗೆ ಬೇಡ. ಭಾರ ಮೇಲಾಗಿ ಹೊಯ್ದಾಡುತ್ತದೆ, ತಟ್ಟೆಯ ಕಾವು ನೇರ ಡಬ್ಬಿಗೆ ಇಳಿಯುತ್ತದೆ. ನಡುವೆ ಲೋಹದ ಜಾಳಿಗೆ ಸುತ್ತಿದ ಹೋಸ್ ಇರುವ ಬಗೆಯನ್ನೇ ಕೇಳಿ ಪಡೆಯಿರಿ.

ಗ್ರಿಲ್ಲಿನ ಶಕ್ತಿ ಎಷ್ಟು ಎನ್ನುವುದರಲ್ಲಿ ಜಾಹೀರಾತುಗಳು ಬಹಳ ಉದಾರ. ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿ ನಂಬಬೇಡಿ, ಒಲೆಯ ಬುಡದಲ್ಲಿ ಅಂಟಿಸಿದ ಚೀಟಿಯಲ್ಲಿ ಗಂಟೆಗೆ ಎಷ್ಟು ಗ್ರಾಂ ಗ್ಯಾಸ್ ಉರಿಯುತ್ತದೆ ಎಂದು ಬರೆದಿರುತ್ತದೆ, ಅದನ್ನು ನೋಡಿ. ಒಂದು ಕೆಜಿ ಬ್ಯೂಟೇನಿನಲ್ಲಿ ಸುಮಾರು 12.7 ಯೂನಿಟ್ (ಕಿಲೋವ್ಯಾಟ್-ಗಂಟೆ) ಕಾವಿದೆ. ಗಂಟೆಗೆ 160 ಗ್ರಾಂ ಎಂದಿದ್ದರೆ ಅದು 2 ಕಿಲೋವ್ಯಾಟ್ ಒಲೆ, ಪೆಟ್ಟಿಗೆಯ ಮೇಲೆ 5 ಕಿಲೋವ್ಯಾಟ್ ಎಂದು ಅಚ್ಚು ಹಾಕಿದ್ದರೂ ಅಷ್ಟೇ. ಗಂಟೆಗೆ ಇಷ್ಟು ಬಿಟಿಯು (ಕಾವಿನ ಬ್ರಿಟಿಷ್ ಅಳತೆ) ಎಂಬ ಲೆಕ್ಕದಲ್ಲಿ ಬರೆದಿದ್ದರೆ 3,412ರಿಂದ ಭಾಗಿಸಿ, ಕಿಲೋವ್ಯಾಟ್ ಬರುತ್ತದೆ. ಗಂಟೆಗೆ 10,000 ಬಿಟಿಯು ಗ್ರಿಲ್ 230 ಗ್ರಾಂ ಡಬ್ಬಿಯನ್ನು ಪೂರ್ತಿ ಉರಿಯಲ್ಲಿ ಒಂದೇ ಗಂಟೆಗೆ ಮುಗಿಸುತ್ತದೆ ಎಂಬುದು ನೆನಪಿನಲ್ಲಿರಲಿ.

ಶಕ್ತಿಯೊಂದೇ ಅಲ್ಲ, ಅದು ಎಷ್ಟು ಜಾಗದ ಮೇಲೆ ಹರಡುತ್ತದೆ ಎಂಬುದೂ ಮುಖ್ಯ. ಮುಚ್ಚಳವಿರುವ ಗ್ರಿಲ್ಲಿಗೆ ಜಾಲರಿಯ ಪ್ರತಿ ಚದರ ಸೆಂಟಿಮೀಟರಿಗೆ 3ರಿಂದ 4 ವ್ಯಾಟ್ ಸಾಕು. 30 ಸೆಂಮೀ ಉದ್ದ, 25 ಸೆಂಮೀ ಅಗಲದ ಜಾಲರಿಗೆ 2.2ರಿಂದ 3 ಕಿಲೋವ್ಯಾಟ್ ಸರಿಯಾದ ಬರ್ನರ್. ಅದೇ ಬರ್ನರ್ ಮೇಲೆ 45 ಸೆಂಮೀ ಅಗಲದ ಜಾಲರಿ ಕೂರಿಸಿ ಮಾರಿದರೆ ನಡುವೆ ಸುಟ್ಟು ಅಂಚಿನಲ್ಲಿ ಹಸಿ ಉಳಿಯುತ್ತದೆ. ಬರ್ನರ್ ಒಂದೇ ಗುಂಡಗಿನದಾಗಿದ್ದರೆ ಈ ದೋಷ ಹೆಚ್ಚು. ಉದ್ದ ಕೊಳವೆಯ ಅಥವಾ ‘ಯು’ ಆಕಾರದ ಸ್ಟೇನ್‌ಲೆಸ್ ಬರ್ನರ್ ಒಳ್ಳೆಯದು. ಸೆರಾಮಿಕ್ ಜೇನುಗೂಡಿನ ಬರ್ನರ್ ಕಾವು ಚೆನ್ನಾಗಿ ಕೊಡುತ್ತದೆ, ಆದರೆ ನಮ್ಮ ಹೊಲದ ದಾರಿಯ ಕುಲುಕಾಟಕ್ಕೆ ಬಿರುಕು ಬಿಡುತ್ತದೆ, ಕಾದಾಗ ನೀರು ಬಿದ್ದರೂ ಒಡೆಯುತ್ತದೆ. ಬಿರುಕಿನೊಳಗಿಂದ ಉರಿ ಹಿಂದಕ್ಕೆ ಸರಿದು ಕೊಳವೆಯಲ್ಲೇ ಉರಿಯತೊಡಗಿದರೆ ಆ ಬರ್ನರ್ ಮುಂದೆ ಬಳಸಬಾರದು.

ಹಗುರ ಬೇಕು ಎನ್ನುವವರು ತೂಕ ಎಲ್ಲಿ ಕೂತಿದೆ ಎಂದು ನೋಡಬೇಕು. ಹೆಚ್ಚಿನ ಪಾಲು ತಟ್ಟೆಯದು. 30ಕ್ಕೆ 25 ಸೆಂಮೀ, 5 ಮಿಮೀ ದಪ್ಪದ ತಟ್ಟೆ ಎರಕದ ಕಬ್ಬಿಣದಲ್ಲಾದರೆ 2.7 ಕೆಜಿ, ಅದೇ ಅಳತೆಯ ಅಲ್ಯೂಮಿನಿಯಂ 1 ಕೆಜಿ. ಕಬ್ಬಿಣ ನಿಧಾನ ಕಾಯುತ್ತದೆ, ತಣ್ಣನೆಯ ಮಾಂಸ ಇಟ್ಟರೂ ಕಾವು ಬಿಟ್ಟುಕೊಡುವುದಿಲ್ಲ, ಗೆರೆ ಚೆನ್ನಾಗಿ ಮೂಡುತ್ತವೆ. ಅಲ್ಯೂಮಿನಿಯಂ ಬೇಗ ಕಾಯುತ್ತದೆ, ಸಮನಾಗಿ ಹರಡುತ್ತದೆ, ಗಾಳಿಗೆ ಬೇಗ ತಣಿಯುತ್ತದೆ. ಕಾರಿನಲ್ಲಿ ಹೋಗುವವರು ದೇಹ ಅಲ್ಯೂಮಿನಿಯಂ, ಜಾಲರಿ ಮಾತ್ರ ಕಬ್ಬಿಣ ಇರುವುದನ್ನು ಆರಿಸುವುದು ನಮ್ಮ ಸಲಹೆ. ಹೆಂಚಿನಂತೆ ಕಬ್ಬಿಣದ ಜಾಲರಿಯನ್ನೂ ಪಳಗಿಸಬೇಕು. ಅದಕ್ಕೆ ನಮ್ಮ ಗಾಣದ ಕುಸುಬಿ ಎಣ್ಣೆಗಿಂತ ಒಳ್ಳೆಯದು ಬೇರೆ ಇಲ್ಲ. ತೆಳ್ಳಗೆ ಸವರಿ, ಬಟ್ಟೆಯಿಂದ ಒರೆಸಿ ತೆಗೆದು, ಹೊಗೆ ನಿಲ್ಲುವವರೆಗೆ ಕಾಯಿಸಿ, ಹೀಗೆ ಮೂರು ಸಲ. ಕುಸುಬಿ ಎಣ್ಣೆ ಕಾವಿಗೆ ಗಟ್ಟಿ ಪದರವಾಗಿ ಕೂರುತ್ತದೆ. ದಪ್ಪ ಬಳಿದರೆ ಅಂಟಂಟಾಗಿ ಉಳಿಯುತ್ತದೆ. ನಾನ್‌ಸ್ಟಿಕ್ ತಟ್ಟೆಯನ್ನು ಖಾಲಿ ಇಟ್ಟು ಕಾಯಿಸಬೇಡಿ. 260 ಡಿಗ್ರಿ ದಾಟಿದರೆ ಆ ಲೇಪ ಕೆಡತೊಡಗುತ್ತದೆ, ಗ್ರಿಲ್ ಆ ಕಾವಿಗೆ ಬಹಳ ಬೇಗ ಏರುತ್ತದೆ. ಸ್ಟೇನ್‌ಲೆಸ್ ಎಂದು ಮಾರುವ ಜಾಲರಿಗೆ ಒಂದು ಅಯಸ್ಕಾಂತ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿಕೊಂಡರೆ ಅದು 304 ದರ್ಜೆಯದಲ್ಲ, ಉಪ್ಪು-ಲಿಂಬಿಹುಳಿ ತಾಗಿ ತಾಗಿ ಕಲೆ ಹಿಡಿಯುವ ಅಗ್ಗದ ದರ್ಜೆಯದು.

ಮುಚ್ಚಳ ಬೇಕೇ ಎಂದು ಕೇಳುವವರಿದ್ದಾರೆ. ಗದಗ ಸೀಮೆಯಲ್ಲಿ ನಿಂತು ಈ ಪ್ರಶ್ನೆ ಕೇಳಬೇಕಾಗಿಲ್ಲ, ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ಸುಮ್ಮನೆ ನೆಟ್ಟಿಲ್ಲ. ತೆರೆದ ಜಾಲರಿಯ ಮೇಲಿನ ಕಾವನ್ನು ಗಾಳಿ ಹೊತ್ತೊಯ್ಯುತ್ತದೆ, ಸಣ್ಣ ಉರಿ ಆರಿಯೇ ಹೋಗುತ್ತದೆ. ಆರಿದ್ದು ಬಿಸಿಲಿನಲ್ಲಿ ಕಾಣುವುದಿಲ್ಲ, ಗ್ಯಾಸ್ ಮಾತ್ರ ಹರಿಯುತ್ತಲೇ ಇರುತ್ತದೆ. ಉರಿ ಆರಿದರೆ ತಾನೇ ಗ್ಯಾಸ್ ನಿಲ್ಲಿಸುವ ಸಾಧನ ಇರುವ ಗ್ರಿಲ್ಲಿಗೆ ನಾಲ್ಕು ಕಾಸು ಹೆಚ್ಚು ಕೊಡಬಹುದು. ಬರ್ನರ್ ಪಕ್ಕ ಕಿಡಿ ಹಾರಿಸುವ ಪಿಯೆಜೊ ಕಡ್ಡಿಯಲ್ಲದೆ ಇನ್ನೊಂದು ತಾಮ್ರದ ತುದಿ ಉರಿಯೊಳಗೆ ಚಾಚಿಕೊಂಡಿದ್ದರೆ ಅದೇ ಆ ಸಾಧನ. ಗುಂಡಿ ಒತ್ತಿ ಹಚ್ಚಿದಮೇಲೆ ಹತ್ತು ಸೆಕೆಂಡು ಹಿಡಿದಿಟ್ಟರೆ ಅದು ಕಾದು ಕೆಲಸ ಹಿಡಿಯುತ್ತದೆ. ಬೇಗ ಕೈಬಿಟ್ಟು ‘ಒಲೆ ಹತ್ತುತ್ತಿಲ್ಲ, ಕೆಟ್ಟಿದೆ’ ಎಂದು ಅಂಗಡಿಗೆ ಮರಳಿಸುವವರು ಬಹಳ.

ಗಾಳಿಗೆ ಮರೆ ಕಟ್ಟುವುದರಲ್ಲೂ ಎಚ್ಚರ ಬೇಕು. ಕ್ಯಾಸೆಟ್ ಒಲೆಗೆ ತಗಡಿನ ಮರೆಯನ್ನು ನಾಲ್ಕೂ ಕಡೆ ಸುತ್ತಿದರೆ ಕಾವು ಡಬ್ಬಿಯ ಮೇಲೆಯೇ ಕೂಡಿಕೊಳ್ಳುತ್ತದೆ. ಡಬ್ಬಿಯ ಮೇಲೆ ‘50 ಡಿಗ್ರಿ ದಾಟಬಾರದು’ ಎಂದು ಬರೆದಿರುತ್ತದೆ, ಅದು ಅಲಂಕಾರಕ್ಕಲ್ಲ. ಮರೆ ಗಾಳಿ ಬರುವ ಕಡೆ ಮತ್ತು ಬರ್ನರ್ ಪಕ್ಕ ಸಾಕು, ಡಬ್ಬಿಯ ಕಡೆ ತೆರೆದಿರಲಿ. ಇನ್ನೊಂದು ಸಾಮಾನ್ಯ ತಪ್ಪು ಅಳತೆ ಮೀರಿದ ತಟ್ಟೆ. ರೊಟ್ಟಿ ಬಡಿಯುವ ದೊಡ್ಡ ಹಂಚನ್ನೇ ಕ್ಯಾಸೆಟ್ ಒಲೆಯ ಮೇಲೆ ಇಟ್ಟರೆ ಅದರ ಅಂಚು ಡಬ್ಬಿಯ ಗೂಡಿನ ಮೇಲೆ ಚಾಚುತ್ತದೆ, ಹಂಚಿನ ಅಡಿಯ ಕಾವೆಲ್ಲ ಗೂಡಿನ ಮುಚ್ಚಳಕ್ಕೆ ಬಡಿಯುತ್ತದೆ. ಎರಡು ಒಲೆ ಜೋಡಿಸಿ ಮೇಲೆ ಒಂದೇ ಉದ್ದ ತಟ್ಟೆ ಇಡುವುದು ಅದಕ್ಕಿಂತ ಕೆಟ್ಟದ್ದು. ಒಳ್ಳೆಯ ಒಲೆಯಲ್ಲಿ ಒತ್ತಡ ಏರಿದರೆ ಡಬ್ಬಿಯನ್ನು ತಾನೇ ಹೊರಕ್ಕೆ ಚಿಮ್ಮಿಸಿ ಗ್ಯಾಸ್ ಕಡಿಯುವ ಏರ್ಪಾಡಿರುತ್ತದೆ. ‘ಟಕ್’ ಎಂದು ಹಿಡಿಕೆ ಬಿಟ್ಟುಕೊಂಡರೆ ಮತ್ತೆ ಒತ್ತಿ ಕೂರಿಸಬೇಡಿ, ಡಬ್ಬಿ ತಣಿಯಲು ಬಿಡಿ. ಅಗ್ಗದ ಒಲೆಗಳಲ್ಲಿ ಆ ಏರ್ಪಾಡೇ ಇರುವುದಿಲ್ಲ. ಅಂಗಡಿಯಲ್ಲಿ ತೆರೆದು ತೋರಿಸಲು ಹೇಳಿ.

ಡಬ್ಬಿ ಕೂರಿಸುವಾಗ ಅದರ ಕುತ್ತಿಗೆಯ ಉಂಗುರದಲ್ಲಿ ಒಂದು ಕಚ್ಚು ಕಾಣುತ್ತದೆ. ಆ ಕಚ್ಚು ಮೇಲ್ಮುಖವಾಗಿ, ಗೂಡಿನ ಮೊಳೆಗೆ ಸರಿಯಾಗಿ ಹೊಂದಬೇಕು. ಡಬ್ಬಿಯೊಳಗೆ ಬಾಗಿದ ಸಣ್ಣ ನಳಿಕೆ ಇದೆ. ಕಚ್ಚು ಮೇಲಿದ್ದರೆ ನಳಿಕೆಯ ಬಾಯಿ ದ್ರವದ ಮೇಲಿನ ಆವಿಯಲ್ಲಿರುತ್ತದೆ. ತಿರುಗಿಸಿ ಒತ್ತಿ ಕೂರಿಸಿದರೆ ದ್ರವ ಬ್ಯೂಟೇನೇ ಬರ್ನರಿಗೆ ಬಂದು ಉರಿ ಭುಗಿಲೆನ್ನುತ್ತದೆ. ಮಲಗಿಸಿದ ಒಲೆಯನ್ನು ಉರಿಯುವಾಗ ಎತ್ತಿ ಓರೆ ಮಾಡಿದರೂ ಹೀಗೇ ಆಗುತ್ತದೆ. ಒಕ್ಕಲಿನ ಕಣದಂಥ ಸಮನೆಲ ಹುಡುಕಿ ಇಡಿ. ಬಿರುಕುಬಿಟ್ಟ ಎರೆ ಹೊಲದಲ್ಲಾದರೆ ಅಡಿಗೆ ಒಂದು ಕಡಪಾ ಕಲ್ಲೋ ದಪ್ಪ ಹಲಗೆಯೋ ಇರಲಿ.

ಜನವರಿಯ ಬೆಳಗಿನ ಜಾವ ಧಾರವಾಡದಲ್ಲಿ ಚಳಿ 15 ಡಿಗ್ರಿಗೂ ಕೆಳಗೆ ಇಳಿಯುವುದುಂಟು. ಬ್ಯೂಟೇನ್ ಕುದಿಯುವುದು ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ. 15 ಡಿಗ್ರಿ ಇದ್ದರೆ ಸಾಕಲ್ಲ ಎನ್ನಿಸಬಹುದು. ಆದರೆ ದ್ರವ ಆವಿಯಾಗುವಾಗ ಡಬ್ಬಿಯ ಕಾವನ್ನೇ ಹೀರುತ್ತದೆ. ಪೂರ್ತಿ ಉರಿಯಲ್ಲಿ ಅರ್ಧ ಗಂಟೆಯಲ್ಲಿ ಡಬ್ಬಿ ಬೆವರಿ, ಮುಟ್ಟಿದರೆ ಮಂಜುಗಡ್ಡೆಯಂತಾಗಿ, ಗ್ಯಾಸ್ ಅರ್ಧ ಉಳಿದಿರುವಾಗಲೇ ಉರಿ ಕುಗ್ಗುತ್ತದೆ. ಗ್ಯಾಸ್ ಮುಗಿಯಿತೆಂದು ಎಸೆಯುವುದೂ ಬೇಡ, ಬಿಸಿನೀರಿನಲ್ಲಿ ಇಡುವುದೂ ಬೇಡ. ಎರಡು ಡಬ್ಬಿ ಒಯ್ದು ಬದಲಿಸಿ ಬದಲಿಸಿ ಬಳಸಿ. ಚಳಿಗಾಲದಲ್ಲೇ ಹೆಚ್ಚು ಹೋಗುವವರು ಬ್ಯೂಟೇನಿಗೆ ಪ್ರೊಪೇನ್ ಬೆರೆಸಿದ ಡಬ್ಬಿ ಕೇಳಿ. ಪ್ರೊಪೇನ್ ಮೈನಸ್ 42 ಡಿಗ್ರಿಯಲ್ಲೂ ಆವಿಯಾಗುತ್ತದೆ. ಎಷ್ಟು ಉಳಿದಿದೆ ಎಂದು ಕುಲುಕಿ ನೋಡುವುದಕ್ಕಿಂತ ತೂಕ ನೋಡುವುದು ಖಚಿತ. ಹೊಸ ಡಬ್ಬಿಯ ತೂಕ ಅದರ ಮೇಲೆ ಮಾರ್ಕರಿನಿಂದ ಬರೆದಿಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಕಡಿಮೆಯಾದಷ್ಟೂ ಉರಿದ ಗ್ಯಾಸ್.

5 ಕೆಜಿ ಸಿಲಿಂಡರ್ ಬಳಸುವವರಿಗೆ ಎರಡು-ಮೂರು ಮಾತು ಸಾಕು. ರೆಗ್ಯುಲೇಟರನ್ನು ಸಿಲಿಂಡರ್ ಕೊಟ್ಟ ಏಜೆನ್ಸಿಯಿಂದಲೇ ಪಡೆಯಿರಿ. ಹೋಸ್ ಐಎಸ್ 9573 ಗುರುತಿನ, ತಂತಿ ಹೆಣೆದ ಕಿತ್ತಳೆ ಬಣ್ಣದ್ದಿರಲಿ. ಐದು ವರ್ಷಕ್ಕೆ ಬದಲಿಸಬೇಕು, ಮಡಚಿ ಸುತ್ತಿಟ್ಟು ಬಿರುಕು ಬಿಟ್ಟಿದ್ದರೆ ಇಂದೇ. ಸಿಲಿಂಡರಿನ ಕುತ್ತಿಗೆಯ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರ ಮತ್ತು ವರ್ಷ ಇರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಡಿ ಅಂದರೆ ಅಕ್ಟೋಬರಿನಿಂದ ಡಿಸೆಂಬರ್. ಆ ಅವಧಿ ದಾಟಿದ ಸಿಲಿಂಡರ್ ಮರುಪರೀಕ್ಷೆಗೆ ಹೋಗಬೇಕಾದ್ದು, ತೆಗೆದುಕೊಳ್ಳಬೇಡಿ.

ಹಚ್ಚುವ ಕ್ರಮ. ಜೋಡಣೆ ಬಯಲಿನಲ್ಲಿ, ಗುಂಡಿಗಳೆಲ್ಲ ಬಂದ್ ಇರುವಾಗ. ಕೂಡಿದ ಕಡೆಗಳಿಗೆಲ್ಲ ಸಾಬೂನಿನ ನೊರೆ ಬಳಿದು ಗುಳ್ಳೆ ಏಳುತ್ತವೆಯೇ ನೋಡಿ. ಕಡ್ಡಿ ಗೀರಿ ಸೋರಿಕೆ ನೋಡುವ ಹಳೆಯ ಚಟ ಇನ್ನೂ ಕೆಲವರಲ್ಲಿದೆ, ಅದನ್ನು ಬಿಡಬೇಕು. ಗುಂಡು ಡಬ್ಬಿಯಾದರೆ ಥ್ರೆಡ್ಡಿನ ಮರೆಯೊಳಗಿನ ರಬ್ಬರ್ ಉಂಗುರ ಹರಿದಿಲ್ಲವೇ ನೋಡಿ ಕೈಯಲ್ಲಷ್ಟೇ ಬಿಗಿಮಾಡಿ, ಪಾನಾ ಹಚ್ಚಬೇಡಿ. ಹಚ್ಚುವಾಗ ಗ್ರಿಲ್ಲಿನ ಮುಚ್ಚಳ ತೆರೆದೇ ಇರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಮುಚ್ಚಿದ ಗ್ರಿಲ್ಲಿನ ತಳದಲ್ಲಿ ಕೂಡಿಕೊಳ್ಳುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲು ಬೆರೆತರೂ ಕಿಡಿಗೆ ಒಮ್ಮೆಲೇ ಹೊತ್ತಿಕೊಂಡು ಹುಬ್ಬು-ಕೂದಲು ಸುಡುತ್ತದೆ. ಐದು ಸೆಕೆಂಡಿನಲ್ಲಿ ಹತ್ತದಿದ್ದರೆ ಬಂದ್ ಮಾಡಿ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಪಿಯೆಜೊ ಇಬ್ಬನಿಗೆ ಒದ್ದೆಯಾದರೆ ಕಿಡಿ ಬಿಡುವುದಿಲ್ಲ, ಉದ್ದ ಮೂತಿಯ ಲೈಟರ್ ಜತೆಗಿರಲಿ.

ಉರಿ ನೀಲಿಯಾಗಿರಬೇಕು, ತುದಿಯಲ್ಲಿ ಸ್ವಲ್ಪ ಹಳದಿ ಇದ್ದರೆ ನಡೆದೀತು. ಪೂರ್ತಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ವರ್ಷದಲ್ಲಿ ಎಂಟು ತಿಂಗಳು ಅಟ್ಟದ ಮೇಲಿದ್ದ ಗ್ರಿಲ್ಲಿನ ಗಾಳಿಕೊಳವೆಯಲ್ಲಿ ಜೇಡ ಬಲೆ ಕಟ್ಟಿರುತ್ತದೆ. ಬಾಟಲಿ ತೊಳೆಯುವ ಸಪೂರ ಬ್ರಷ್ ಹಾಕಿ ಎಳೆದರೆ ಹೋಗುತ್ತದೆ. ಜೆಟ್ಟಿಗೆ ಮಾತ್ರ ಸೂಜಿ ಚುಚ್ಚಬೇಡಿ. ಮಿಲಿಮೀಟರಿಗಿಂತ ಸಣ್ಣ ತೂತು ಅದು, ಕೂದಲಿನಷ್ಟು ಅಗಲವಾದರೂ ಉರಿಯ ಲೆಕ್ಕವೇ ಕೆಡುತ್ತದೆ. ಉರಿ ಬರ್ನರಿನಿಂದ ಎದ್ದು ಹಾರಿದಂತೆ ಕಂಡು ಬುಸುಗುಟ್ಟಿದರೆ ಒತ್ತಡ ಅಥವಾ ಗಾಳಿ ಹೆಚ್ಚಾಗಿದೆ.

ಈಗ ಅಡುಗೆಯ ಮಾತು. 30-25 ಅಳತೆಯ ಜಾಲರಿಯ ಮೇಲೆ ಗೋವಿನಜೋಳದ ತೆನೆ ಐದಾರು ಹಿಡಿಯುತ್ತವೆ, ಎಲುಬಿಲ್ಲದ ಕೋಳಿತುಂಡು ಸುಮಾರು ಮೂವತ್ತು. ಹತ್ತು ನಿಮಿಷ ಮುಚ್ಚಿ ಕಾಯಿಸಿದ ಮೇಲೆಯೇ ಇಡಿ, ಇಲ್ಲದಿದ್ದರೆ ಅಂಟುತ್ತದೆ. ತೆನೆ ಮಧ್ಯಮ ಉರಿಗೆ 12 ನಿಮಿಷ, ಮೂರು ನಿಮಿಷಕ್ಕೊಮ್ಮೆ ತಿರುಗಿಸುತ್ತ. ಬದನೆಕಾಯಿ ಭರ್ತಕ್ಕೆ ದೊಡ್ಡ ಕಾಯಿಗೆ 20 ನಿಮಿಷ, ಮೊದಲು ಚಾಕುವಿನಿಂದ ಎರಡು-ಮೂರು ಕಡೆ ಚುಚ್ಚಿ, ಇಲ್ಲವಾದರೆ ಆವಿ ಕಟ್ಟಿ ಸಿಡಿಯುತ್ತದೆ. ಪನೀರನ್ನು ಎರಡು ಸೆಂಮೀ ದಪ್ಪ ಕತ್ತರಿಸಿ, ಒಂದೊಂದು ಮಗ್ಗುಲಿಗೆ ಎರಡು-ಮೂರು ನಿಮಿಷ ಸಾಕು. ಕೋಳಿ 15ರಿಂದ 18 ನಿಮಿಷ. ಒಳಗೆ 74 ಡಿಗ್ರಿ ಮುಟ್ಟಬೇಕು, ಅಳೆಯುವ ಕಡ್ಡಿ ಇಲ್ಲದಿದ್ದರೆ ದಪ್ಪ ತುಂಡನ್ನು ಸೀಳಿ ಕೆಂಪು ರಸ ಇಲ್ಲವೆಂದು ನೋಡಿ. ಬ್ಯಾಡಗಿ ಮೆಣಸಿನಕಾಯಿ ಅರೆದು ಸವರಿದ ಮಸಾಲೆಗೆ ಬೆಲ್ಲವನ್ನೋ ಸಕ್ಕರೆಯನ್ನೋ ಹಾಕಿದ್ದರೆ ಕೊನೆಯ ನಾಲ್ಕು ನಿಮಿಷಕ್ಕೆ ಮಾತ್ರ ಸವರಿ, ಮೊದಲೇ ಸವರಿದರೆ ಕರಕಲಾಗುವುದೇ ಹೊರತು ಬೇಯುವುದಿಲ್ಲ. ಇಷ್ಟೆಲ್ಲ ಎರಡೆರಡು ಸರದಿ ಮಾಡಿದರೆ 2.2 ಕಿಲೋವ್ಯಾಟ್ ಒಲೆಯಲ್ಲಿ ಒಂದು ಡಬ್ಬಿಯ ಮುಕ್ಕಾಲು ಪಾಲಿಗೂ ಮಿಕ್ಕಿ ಮುಗಿಯುತ್ತದೆ. ಸೀತನಿಗೆ ಮಾತ್ರ ಗ್ಯಾಸ್ ಗ್ರಿಲ್ ಸಲ್ಲದು. ಎಳೆ ಜೋಳದ ತೆನೆ ಕುಳ್ಳಿನ ಕೆಂಡದ ಬೂದಿಯಲ್ಲಿ ಬೆಂದಾಗ ಬರುವ ರುಚಿ ಗ್ಯಾಸಿನಲ್ಲಿ ಬರುವುದಿಲ್ಲ. ಗ್ಯಾಸ್ ಉರಿಗೆ ಹೊಗೆಯ ವಾಸನೆಯೇ ಇಲ್ಲ. ಸೀತನಿಗೆ ಬೇರೆ ಕೆಂಡ ಮಾಡಿಕೊಳ್ಳುವವರು ಬಣವೆಯಿಂದ ದೂರ ಗುಂಡಿ ತೋಡಿ ಮಾಡಿ, ಮಣ್ಣು ಮುಚ್ಚಿಯೇ ಎದ್ದು ಬನ್ನಿ.

ಮಾಂಸದ ಕೊಬ್ಬು ಕರಗಿ ಬರ್ನರ್ ಮೇಲೆ ಬಿದ್ದು ಜ್ವಾಲೆ ಎದ್ದರೆ ನೀರು ಹುಯ್ಯಬೇಡಿ, ಉರಿಯುವ ಜಿಡ್ಡು ಸಿಡಿದು ಹರಡುತ್ತದೆ. ಗ್ಯಾಸ್ ಬಂದ್ ಮಾಡಿ ಮುಚ್ಚಳ ಮುಚ್ಚಿ. ಜಿಡ್ಡಿನ ತಟ್ಟೆ ಹೊರಗೆ ಎಳೆದು ತೆಗೆಯಲು ಬರುವಂಥದಿರಬೇಕು, ಕೊಳ್ಳುವಾಗಲೇ ಎಳೆದು ನೋಡಿ. ಅದಕ್ಕೆ ಬೆಳ್ಳಿ ಹಾಳೆ ಹಾಸುವವರು ಗಾಳಿ ಬರುವ ತೂತು ಮುಚ್ಚದಂತೆ ನೋಡಿಕೊಳ್ಳಬೇಕು. ಬೆಂಕಿ ಆರಿಸುವ ಒಂದು ಕೆಜಿಯ ಎಬಿಸಿ ಪೌಡರ್ ಸಿಲಿಂಡರ್, ಅದಿಲ್ಲದಿದ್ದರೆ ಒಂದು ಬಕೆಟ್ ಮಣ್ಣು ಮತ್ತು ಒದ್ದೆ ಗೋಣಿಚೀಲ ಕೈಗೆಟುಕುವಲ್ಲಿರಲಿ. ಡೇರೆಯಿಂದ, ಕಾರಿನಿಂದ ಮೂರು ಮೀಟರ್ ದೂರ. ಸುತ್ತ ಎರಡು ಮೀಟರ್ ಒಣ ಹುಲ್ಲು ಕೆತ್ತಿ ತೆಗೆಯಿರಿ. ಮಳೆ ಬಂದಿತೆಂದು ಗ್ರಿಲ್ಲನ್ನು ಡೇರೆಯೊಳಗೆ ಎಳೆದುಕೊಳ್ಳುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಮುಚ್ಚಿದ ಜಾಗದಲ್ಲಿ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ತಲೆ ಭಾರವಾಯಿತು ಎನ್ನುವಷ್ಟರಲ್ಲಿ ಎದ್ದು ಹೊರಬರುವ ತ್ರಾಣ ಉಳಿಯುವುದಿಲ್ಲ.

ಎಲ್ಲಿ ಹಚ್ಚಬಾರದು ಎಂಬುದನ್ನೂ ಹೇಳಬೇಕು. ಕಪ್ಪತಗುಡ್ಡ, ರಾಣೆಬೆನ್ನೂರಿನ ಕೃಷ್ಣಮೃಗ ಧಾಮ ಎರಡೂ ವನ್ಯಜೀವಿ ಧಾಮಗಳು. 1972ರ ವನ್ಯಜೀವಿ ಕಾಯ್ದೆಯ 30ನೇ ಕಲಂ ಧಾಮದೊಳಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ ಬಿಟ್ಟುಬರುವುದನ್ನೂ ನಿಷೇಧಿಸಿದೆ. ಬೇಸಿಗೆಯ ಕಪ್ಪತಗುಡ್ಡದ ಹುಲ್ಲಿಗೆ ಒಂದು ಕಿಡಿ ಸಾಕು. ಗ್ಯಾಸ್ ಗ್ರಿಲ್ ಎಂದ ಮಾತ್ರಕ್ಕೆ ವಿನಾಯಿತಿ ಇಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿ ಸೇರಿದ, ಗದಗ ಜಿಲ್ಲೆಯ ಮಾಗಡಿ ಕೆರೆಯ ದಂಡೆಯಲ್ಲೂ ಒಲೆ ಹೂಡುವುದು ತರವಲ್ಲ. ಚಳಿಗಾಲಕ್ಕೆ ಅಲ್ಲಿಗೆ ಬರುವ ಪಟ್ಟೆತಲೆ ಬಾತುಗಳಿಗೆ ದಂಡೆಯೇ ವಿಶ್ರಾಂತಿಯ ಜಾಗ.

ಒಯ್ಯುವ ವಿಷಯದಲ್ಲಿ ಒಂದೆರಡು ಮಾತು. ರೈಲಿನಲ್ಲಿ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 164ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ವಿಮಾನದಲ್ಲೂ ಇಲ್ಲ. ಕಾರಿನಲ್ಲಿ ಒಯ್ಯುವಾಗ ಡಬ್ಬಿಗೆ ಕೆಂಪು ಮುಚ್ಚಳ ಹಾಕಿ, ನೆರಳಿನಲ್ಲಿ, ಕಿಟಕಿ ಸ್ವಲ್ಪ ತೆರೆದಿಟ್ಟು ಒಯ್ಯಿರಿ. ಏಪ್ರಿಲ್ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ 50 ಡಿಗ್ರಿ ಸುಲಭವಾಗಿ ದಾಟುತ್ತದೆ, ಆದ್ದರಿಂದ ಡಬ್ಬಿಯನ್ನು ಕಾರಿನಲ್ಲಿ ಬಿಟ್ಟು ಬರಬೇಡಿ. ಖಾಲಿ ಡಬ್ಬಿಯನ್ನು ಬೆಂಕಿಗೆ ಹಾಕಬೇಡಿ, ಹೊಲದಲ್ಲಿ ಬಿಡಬೇಡಿ. ಮನೆಗೆ ತಂದು, ಗ್ಯಾಸ್ ಡಬ್ಬಿ ಎಂದು ಹೇಳಿ ಕಸದ ಗಾಡಿಯವರಿಗೆ ಬೇರೆಯಾಗಿ ಕೊಡಿ.

ಕೊನೆಗೆ ಕೇಳಿಕೊಳ್ಳುವುದು ಎರಡು ಕಡೆ. ಒಂದು, ಆಹಾರ ಇಲಾಖೆ ಮತ್ತು ಜಿಲ್ಲಾಡಳಿತಕ್ಕೆ: ಮನೆಬಳಕೆಯ ಸಿಲಿಂಡರಿನಿಂದ ಮುದ್ರೆಯಿಲ್ಲದ ಸಣ್ಣ ಸಿಲಿಂಡರಿಗೆ ಗ್ಯಾಸ್ ಇಳಿಸುವುದು 2000ದ ಎಲ್‌ಪಿಜಿ ನಿಯಂತ್ರಣ ಆದೇಶಕ್ಕೆ ವಿರುದ್ಧ. ಆ ಸಿಲಿಂಡರಿಗೆ ಪರೀಕ್ಷೆಯಿಲ್ಲ, ತುಂಬುವಾಗ ತೂಕವಿಲ್ಲ. ಮೇಲೆ ಐದನೇ ಒಂದು ಪಾಲಿನಷ್ಟಾದರೂ ಜಾಗ ಬಿಡದೆ ದ್ರವ ತುಂಬಿದರೆ ಬಿಸಿಲಿಗೆ ಹಿಗ್ಗಿ ಸಿಲಿಂಡರನ್ನೇ ಸೀಳುತ್ತದೆ. ಒಮ್ಮೆ ಬಳಸಿ ಬಿಡುವ ಡಬ್ಬಿಗಳನ್ನೂ ಈಗ ತುಂಬಿಸಿಕೊಡತೊಡಗಿದ್ದಾರೆ. ಆ ತಗಡು ಒಂದೇ ಬಳಕೆಗೆ ಮಾಡಿದ್ದು. ಪಿಕ್‌ನಿಕ್ ಕಾಲ ಶುರುವಾಗುವ ಮೊದಲೇ ತಪಾಸಣೆ ನಡೆಯಲಿ. ಎರಡು, ಪಾತ್ರೆ ಅಂಗಡಿ, ಕ್ಯಾಂಪಿಂಗ್ ಸಾಮಾನಿನ ಅಂಗಡಿಯವರಿಗೆ: ಗ್ರಿಲ್ಲಿನ ಬೆಲೆಚೀಟಿಯ ಮೇಲೆ ಇದಕ್ಕೆ ಯಾವ ಡಬ್ಬಿ, ಅದು ನಿಮ್ಮಲ್ಲೇ ಸಿಗುತ್ತದೆಯೇ, ಗಂಟೆಗೆ ಎಷ್ಟು ಗ್ರಾಂ ಉರಿಯುತ್ತದೆ ಎಂಬ ಮೂರು ಸಾಲು ಕನ್ನಡದಲ್ಲಿ ಬರೆದು ಅಂಟಿಸಿ. ಗ್ಯಾಸ್ ಸೋರಿಕೆಯ ತುರ್ತಿಗೆ 1906 ಸಂಖ್ಯೆಯನ್ನು ಅದೇ ಚೀಟಿಯ ಕೆಳಗೆ ಅಚ್ಚು ಹಾಕಿಸಲು ಖರ್ಚೇನೂ ಇಲ್ಲ.

– ಗ್ಯಾಸ್ ಒಲೆ ದುರಸ್ತಿ ಕೆಲಸಗಾರರು, ಹುಬ್ಬಳ್ಳಿ-ಧಾರವಾಡ